ಚೀಟಿಗೆ ಕನ್ನಡ ಬಂದರೆ ಸಾಕೇ?

ನಮ್ಮಮ್ಮ ಮೂರು ವರ್ಷ ಥೈರಾಯ್ಡ್ ಮಾತ್ರೆಯನ್ನು ಫಿಲ್ಟರ್ ಕಾಫಿಯ ಜೊತೆ ನುಂಗಿದಳು. ಡಾಕ್ಟರು ಹೇಳಿದ್ದು ಸರಿಯಾಗಿಯೇ ಇತ್ತು: "ಬೆಳಿಗ್ಗೆ ಖಾಲಿ ಹೊಟ್ಟೇಲಿ ತಗೊಳ್ಳಿ." ಅಮ್ಮ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ನಮ್ಮ ಮನೆಯಲ್ಲಿ ಖಾಲಿ ಹೊಟ್ಟೆ ಎಂದರೆ ತಿಂಡಿಗೆ ಮುಂಚೆ ಎಂದರ್ಥ. ಕಾಫಿ ಆ ಲೆಕ್ಕಕ್ಕೇ ಬರುವುದಿಲ್ಲ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಬರೀ ಎರಡು ಲೋಟ ಕಾಫಿ ಅಷ್ಟೇ" ಎನ್ನುವ ಮಾತನ್ನು ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ.

ಕಾಫಿ ಈ ಹಾರ್ಮೋನು ಕರುಳಿನಿಂದ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಹಾಲಿನ ಕ್ಯಾಲ್ಸಿಯಂ ಕೂಡ ಅದೇ ಕೆಲಸ ಮಾಡುತ್ತದೆ. ಹಾಗಾಗಿ ಅಮ್ಮ ನುಂಗಿದ್ದರಲ್ಲಿ ಒಂದು ಪಾಲು ಮೈಗೆ ಹತ್ತದೆ ಹಾಗೇ ಹೊರಗೆ ಹೋಗುತ್ತಿತ್ತು. ರಕ್ತ ಪರೀಕ್ಷೆಯ ಅಂಕಿ ಇಳಿಯಲಿಲ್ಲವೆಂದು ಮಾತ್ರೆ 50 ಮೈಕ್ರೋಗ್ರಾಂನಿಂದ 75ಕ್ಕೆ, 75ರಿಂದ 100ಕ್ಕೆ ಏರಿತು. ಪ್ರತಿ ಸಲವೂ ಅಮ್ಮನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: "ಮಾತ್ರೆ ಸರಿಯಾಗಿ ತಗೋತಿದ್ದೀರಾ?" ಅವಳ ಉತ್ತರವೂ ಒಂದೇ: "ಹೂಂ, ಒಂದು ದಿನಾನೂ ತಪ್ಪಿಸಿಲ್ಲ." ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು. ಇಬ್ಬರ ಮಧ್ಯೆ ಒಂದು ಲೋಟ ಕಾಫಿ ಇತ್ತು, ಅಷ್ಟೆ.

ಇದರಲ್ಲಿ ಎಲ್ಲರಿಗಿಂತ ಹೆಚ್ಚು ನಾಚಿಕೆಪಡಬೇಕಾದವನು ನಾನು. ನುಂಗಿದ ಔಷಧದಲ್ಲಿ ಎಷ್ಟು ಪಾಲು, ಎಷ್ಟು ಹೊತ್ತಿಗೆ ರಕ್ತ ಸೇರುತ್ತದೆ, ಎಷ್ಟು ಹೊತ್ತಿಗೆ ಮೈಬಿಟ್ಟು ಹೋಗುತ್ತದೆ ಎಂದು ಅಳೆಯುವುದೇ ನನ್ನ ಪಿಎಚ್‌ಡಿ. ಇಂಗ್ಲಿಷಿನಲ್ಲಿ ಈ ವಿಷಯದ ಮೇಲೆ ನಿಲ್ಲದೆ ಒಂದು ಗಂಟೆ ಮಾತಾಡಬಲ್ಲೆ. ಆದರೆ ನಮ್ಮ ಅಡುಗೆಮನೆಯಲ್ಲಿ ಕನ್ನಡದಲ್ಲಿ ಒಂದು ನಿಮಿಷವೂ ಮಾತಾಡಿರಲಿಲ್ಲ. ರಜೆಗೆ ಊರಿಗೆ ಬಂದಾಗಲೆಲ್ಲ ಅದೇ ಕಾಫಿ ಕುಡಿದು, ಅದೇ ಮಾತ್ರೆ ಡಬ್ಬಿಯ ಪಕ್ಕ ಲೋಟ ಇಟ್ಟು ಎದ್ದು ಹೋಗಿದ್ದೇನೆ.

ಹಾಗಾಗಿ ಈ ಬರಹ ಬೇರೆಯವರ ಮೇಲಿನ ದೂರಾದಷ್ಟೇ ನನ್ನ ಮೇಲಿನ ದೂರೂ ಹೌದು.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರವು ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಬೇಕೆಂದು ಆರೋಗ್ಯ ಸಚಿವರನ್ನು ಕೇಳಿತು. ಕೆಲವು ವೈದ್ಯರು ಹಾಗೆ ಬರೆದೂ ತೋರಿಸಿದರು. ಆ ಚೀಟಿಗಳ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ನಾವೆಲ್ಲ ಹೆಮ್ಮೆಪಟ್ಟೆವು, ನಾನೂ ನಾಲ್ಕು ಜನಕ್ಕೆ ಕಳಿಸಿದೆ. ಆ ವೈದ್ಯರ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೂ ಹೇಳಲೇಬೇಕಾದ ಮಾತೊಂದಿದೆ: ನಾವು ಕೇಳಿದ್ದು ತೀರಾ ಕಡಿಮೆ, ಕೇಳಿದ ಜಾಗವೂ ತಪ್ಪು.

'ಪ್ಯಾರಾಸಿಟಮಾಲ್' ಎಂದು ಕನ್ನಡ ಲಿಪಿಯಲ್ಲಿ ಬರೆದರೆ ರೋಗಿಗೆ ಹೊಸದಾಗಿ ತಿಳಿಯುವುದೇನು? ಲಿಪಿ ಬದಲಾಯಿತು, ಶಬ್ದ ಅದೇ ಉಳಿಯಿತು. ಔಷಧದ ಹೆಸರು ಜಗತ್ತಿನ ಹೆಸರು, ಅದು ಇಂಗ್ಲಿಷಿನಲ್ಲೇ ಇರಲಿ. ಒಂದಕ್ಷರ ಅತ್ತಿತ್ತಾದರೆ ಬೇರೆಯೇ ಔಷಧವಾಗುವಷ್ಟು ಹತ್ತಿರದ ಹೆಸರುಗಳಿವೆ. ಒಬ್ಬೊಬ್ಬರು ಒಂದೊಂದು ರೀತಿ ಕನ್ನಡಕ್ಕಿಳಿಸಿದರೆ ಅಂಗಡಿಯವನಿಗೆ ಗೊಂದಲ, ರೋಗಿಗೆ ಅಪಾಯ. ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ಹೇಳಿದೆ. ಅದನ್ನು ಪಾಲಿಸಿದರೆ ಹೆಸರಿನ ಮಟ್ಟಿಗೆ ಸಾಕು. ಕನ್ನಡ ಬೇಕಿರುವುದು ಹೆಸರಿನ ಮುಂದೆ ಬರೆಯುವ 1-0-1ಕ್ಕೆ. ಕರ್ನಾಟಕದ ಮೂಲೆಮೂಲೆಯಲ್ಲೂ ಓದು ಬಾರದವರಿಗೂ ಗೊತ್ತಿರುವ ಬರಹ ಅದು. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಆದರೆ ಮಧ್ಯಾಹ್ನ ಯಾಕಿಲ್ಲ? ಊಟದ ಮೇಲೆ ಯಾಕೆ? ಇನ್ನೊಂದು ಮಾತ್ರೆಗೆ 1-1-1 ಯಾಕೆ? ಈ 'ಯಾಕೆ'ಗೆ ಉತ್ತರ ಕನ್ನಡದಲ್ಲಿ ಸಿಗುವುದಿಲ್ಲ, ಯಾಕೆಂದರೆ ಈ ಪ್ರಶ್ನೆ ಕೇಳುವುದೇ ಅಧಿಕಪ್ರಸಂಗ ಎಂದು ನಾವು ಕಲಿತುಬಿಟ್ಟಿದ್ದೇವೆ.

ಉತ್ತರ ಅಷ್ಟೇನೂ ಕಷ್ಟದ್ದಲ್ಲ. ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಕರಗಿ, ಸಣ್ಣ ಕರುಳಿನ ಗೋಡೆ ದಾಟಿ ರಕ್ತ ಸೇರುತ್ತದೆ. ಆ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಕರುಳಿನಿಂದ ಹೊರಟದ್ದೆಲ್ಲ ಮೊದಲು ಲಿವರಿನ ಮೂಲಕ ಹಾದುಹೋಗಬೇಕು. ಹೊರಗಿನಿಂದ ಬಂದ ಪ್ರತಿಯೊಂದನ್ನೂ ಲಿವರು ತಡೆದು, ತಪಾಸಣೆ ಮಾಡಿ, ಒಂದಷ್ಟನ್ನು ಅಲ್ಲೇ ಮುರಿದು ಕಳಿಸುವ ಸುಂಕದ ಕಟ್ಟೆಯಿದ್ದ ಹಾಗೆ. ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ನುಂಗಿದರೆ ಈ ಕಟ್ಟೆಯಲ್ಲೇ ಬಹುಪಾಲು ಮುಗಿದುಹೋಗುತ್ತದೆ. ಅದನ್ನು ನಾಲಗೆಯ ಕೆಳಗೆ ಇಡಿ ಎನ್ನುವುದು ಅದಕ್ಕೇ. ನಾಲಗೆಯಡಿಯ ರಕ್ತನಾಳಗಳು ಲಿವರನ್ನು ಬಳಸಿಕೊಂಡು ಹೋಗುತ್ತವೆ, ಔಷಧ ಒಂದೆರಡು ನಿಮಿಷದಲ್ಲಿ ಹೃದಯ ತಲುಪುತ್ತದೆ. ಈ ಒಂದು ಮಾತು ಗೊತ್ತಿಲ್ಲದವರು ಗಾಬರಿಯಲ್ಲಿ ಆ ಮಾತ್ರೆಯನ್ನು ನೀರು ಕುಡಿದು ನುಂಗಿಬಿಡಬಹುದು. ಜೀವ ಉಳಿಸಬೇಕಾದ ಹೊತ್ತಿನಲ್ಲಿ ಮಾತ್ರೆ ಸುಂಕದ ಕಟ್ಟೆಯಲ್ಲಿ ನಿಂತಿರುತ್ತದೆ.

ಲಿವರು ದಾಟಿ ಬಂದದ್ದು ಮೈತುಂಬ ಹರಡುತ್ತದೆ. ತಲೆನೋವಿನ ಮಾತ್ರೆಗೆ ತಲೆಯ ವಿಳಾಸ ಗೊತ್ತಿಲ್ಲ. ಅದು ಹೆಬ್ಬೆರಳಿಗೂ ಹೋಗುತ್ತದೆ, ಮೂತ್ರಪಿಂಡಕ್ಕೂ ಹೋಗುತ್ತದೆ. ಹರಡುತ್ತಿರುವಾಗಲೇ ಲಿವರು ಅದನ್ನು ಒಡೆಯುತ್ತಲೂ ಮೂತ್ರಪಿಂಡ ಸೋಸುತ್ತಲೂ ಇರುತ್ತವೆ. ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಬೇಕಾದ ಸಮಯಕ್ಕೆ 'ಅರ್ಧಾಯು' ಎಂದು ಹೆಸರು. 1-0-1ರ ಗುಟ್ಟು ಹೆಚ್ಚಾಗಿ ಇರುವುದು ಇಲ್ಲೇ. ಅಮಾಕ್ಸಿಸಿಲಿನ್‌ನ ಅರ್ಧಾಯು ಸುಮಾರು ಒಂದು ಗಂಟೆ, ಹಾಗಾಗಿ ದಿನಕ್ಕೆ ಮೂರು ಸಲ. ಒಂದು ಹೊತ್ತು ಬಿಟ್ಟರೆ ಅಷ್ಟು ಹೊತ್ತು ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅಜಿತ್ರೋಮೈಸಿನ್ ಜೀವಕೋಶಗಳೊಳಗೆ ಸೇರಿಕೊಂಡು ದಿನಗಟ್ಟಲೆ ಉಳಿಯುತ್ತದೆ, ಅದಕ್ಕೇ ದಿನಕ್ಕೊಂದು, ಮೂರೇ ದಿನ. ಬಿಪಿಗೆ ಕೊಡುವ ಆಮ್ಲೋಡಿಪಿನ್‌ನ ಅರ್ಧಾಯು 30ರಿಂದ 50 ಗಂಟೆ. ಅದು ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ವಾರಕ್ಕೂ ಮಿಕ್ಕಿ ಬೇಕು. "ಎರಡು ದಿನ ತಗೊಂಡೆ, ಏನೂ ವ್ಯತ್ಯಾಸ ಆಗ್ಲಿಲ್ಲ, ಬಿಟ್ಟೆ" ಎನ್ನುವವರಿಗೆ ಈ ಒಂದು ವಾಕ್ಯ ಮೊದಲೇ ಹೇಳಿದ್ದರೆ ಬಿಡುತ್ತಿದ್ದರೇ?

ಹೆಸರಿನ ಪಕ್ಕ 'ಎಸ್‌ಆರ್' ಅಥವಾ 'ಇಆರ್' ಎಂದಿರುವ ಮಾತ್ರೆಗಳನ್ನು ನೋಡಿರುತ್ತೀರಿ. ದಿನವಿಡೀ ಸ್ವಲ್ಪಸ್ವಲ್ಪವೇ ಬಿಡುಗಡೆಯಾಗುವಂತೆ ಮಾಡಿದ ಮಾತ್ರೆಗಳವು. ನುಂಗಲು ಕಷ್ಟವೆಂದು ಅಜ್ಜಿಗೆ ಅದನ್ನು ಕುಟ್ಟಿ ಪುಡಿಮಾಡಿ ಜೇನಿನಲ್ಲಿ ಕಲಸಿ ಕೊಡುತ್ತೇವೆ. ಇಡೀ ದಿನದ ಔಷಧ ಒಂದೇ ಏಟಿಗೆ ರಕ್ತಕ್ಕೆ ನುಗ್ಗುತ್ತದೆ. ಕೊಟ್ಟವರ ಪ್ರೀತಿಯಲ್ಲಿ ಕೊರತೆಯಿಲ್ಲ. ಆ ಎರಡಕ್ಷರದ ಅರ್ಥ ಹೇಳಿದವರಿಲ್ಲ.

ಪ್ಯಾರಾಸಿಟಮಾಲ್‌ನ ವಿಷಯಕ್ಕೇ ಬನ್ನಿ. ಅದರ ಬಹುಪಾಲನ್ನು ಲಿವರು ನಿರಪಾಯ ವಸ್ತುವಾಗಿ ಬದಲಿಸಿ ಹೊರಹಾಕುತ್ತದೆ. ಸಣ್ಣ ಪಾಲೊಂದು ಮಾತ್ರ ವಿಷವಾಗುತ್ತದೆ, ಅದನ್ನು ಆರಿಸಲು ಲಿವರಿನಲ್ಲಿ ಗ್ಲುಟಾಥಯೋನ್ ಎಂಬ ವಸ್ತುವಿನ ದಾಸ್ತಾನಿದೆ. ಮಿತಿಮೀರಿ ನುಂಗಿದರೆ ದಾಸ್ತಾನು ಖಾಲಿಯಾಗುತ್ತದೆ, ವಿಷ ಲಿವರನ್ನೇ ತಿನ್ನಲು ಶುರುಮಾಡುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನದ ಗರಿಷ್ಠ ಮಿತಿ 4 ಗ್ರಾಂ. 650ರ ಮಾತ್ರೆ ಆರು ನುಂಗಿದರೆ 3.9 ಗ್ರಾಂ ಆಯಿತು, ಗಡಿ ಅಲ್ಲೇ ಇದೆ. ಅದರ ಜೊತೆ ನೆಗಡಿಗೊಂದು, ಮೈಕೈನೋವಿಗೊಂದು ಬೇರೆ ಬೇರೆ ಹೆಸರಿನ ಮಾತ್ರೆ ತಂದರೆ ಅವುಗಳಲ್ಲೂ ಬಹಳಷ್ಟರಲ್ಲಿ ಇರುವುದು ಇದೇ ಪ್ಯಾರಾಸಿಟಮಾಲ್. ಮೂರು ಹೆಸರು, ಮೂರು ಬಣ್ಣ, ಒಂದೇ ಲಿವರು. ಪಟ್ಟಿಯ ಹಿಂದೆ ಇದೆಲ್ಲ ಅಚ್ಚಾಗಿರುತ್ತದೆ ನಿಜ, ಇರುವೆಗಾತ್ರದ ಇಂಗ್ಲಿಷಿನಲ್ಲಿ.

ಇಷ್ಟು ಹೇಳಿದರೆ ಮೂರು ಕಡೆಯಿಂದ ಆಕ್ಷೇಪಣೆ ಬರುತ್ತದೆ.

ಮೊದಲನೆಯದು ವೈದ್ಯರದು. "ಹೊರಗೆ ನೂರು ಜನ ಕೂತಿದ್ದಾರೆ, ಪಾಠ ಮಾಡಲು ಸಮಯವೆಲ್ಲಿ?" ಎನ್ನುತ್ತಾರೆ. ಸಮಯದ ಮಾತು ನಿಜ. ಸರ್ಕಾರಿ ಆಸ್ಪತ್ರೆಯ ಒಪಿಡಿಯಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿದವರು ಆ ವೈದ್ಯರನ್ನು ಬೈಯಲಾರರು. ಆದರೆ ಇದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ಎಲ್ಲ ಹೇಳಿದರೆ ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ, ಹೇಳಿದಷ್ಟು ಮಾಡಿದರೆ ಸಾಕು." ಇದನ್ನು ನಾನು ಒಪ್ಪುವುದಿಲ್ಲ. ಕ್ಷಯರೋಗದ ರಿಫಾಂಪಿಸಿನ್ ನೋಡಿ. ಅದನ್ನು ತೆಗೆದುಕೊಂಡವರ ಮೂತ್ರ ಕೇಸರಿ ಮಿಶ್ರಿತ ಕೆಂಪಾಗುತ್ತದೆ, ಬೆವರು ಕಣ್ಣೀರಿಗೂ ಬಣ್ಣ ಬರಬಹುದು. ಔಷಧದ ಬಣ್ಣವೇ ಅದು, ಅಪಾಯವೇನಿಲ್ಲ. ಮೊದಲೇ ಹೇಳಿದ್ದರೆ ರೋಗಿ "ಓಹೋ, ಮಾತ್ರೆ ಕೆಲಸ ಮಾಡ್ತಿದೆ" ಎಂದುಕೊಳ್ಳುತ್ತಾನೆ. ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂದು ಹೆದರಿ, ಆರು ತಿಂಗಳು ನುಂಗಬೇಕಾದ್ದನ್ನು ಆರನೇ ದಿನಕ್ಕೆ ನಿಲ್ಲಿಸುತ್ತಾನೆ. ಇಲ್ಲಿ ಹೆದರಿಸಿದ್ದು ಯಾವುದು, ಮಾತೋ ಮೌನವೋ?

ಅದೇ ರಿಫಾಂಪಿಸಿನ್ ಲಿವರಿನ ಕೆಲಸಗಾರರ ಸಂಖ್ಯೆಯನ್ನೇ ಹೆಚ್ಚಿಸಿಬಿಡುತ್ತದೆ. ಅವರು ಬೇರೆ ಔಷಧಗಳನ್ನೂ ಬೇಗಬೇಗ ಒಡೆದುಹಾಕುತ್ತಾರೆ. ಅವುಗಳಲ್ಲಿ ಗರ್ಭನಿರೋಧಕ ಮಾತ್ರೆಯೂ ಒಂದು. ಒಂದು ಹೆಣ್ಣುಮಗಳು ಎರಡನ್ನೂ ದಿನ ತಪ್ಪದೆ ನುಂಗಿ, ಆದರೂ ಬಸಿರಾದರೆ, ಮನೆಯವರು ಬೈಯುವುದು ಅವಳನ್ನೇ: "ಮಾತ್ರೆ ಮರೆತಿರ್ತೀಯ." ಔಷಧದ ದಾರಿ ಗೊತ್ತಿಲ್ಲದ ಕಡೆ ತಪ್ಪೆಲ್ಲ ನುಂಗಿದವರ ತಲೆಗೇ ಬರುತ್ತದೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಎರಡನೆಯ ಆಕ್ಷೇಪಣೆ ಇನ್ನೊಂದು ತುದಿಯದು. "ಇಂಗ್ಲಿಷ್ ಔಷಧ ಪೂರ್ತಿ ಉಷ್ಣ, ಕೆಮಿಕಲ್ಲು. ನಮ್ಮದು ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ." ಇದರಲ್ಲಿ 'ಉಷ್ಣ' ಎನ್ನುವ ಮಾತನ್ನು ನಾನು ನಗೆಯಾಡುವುದಿಲ್ಲ. ಆಂಟಿಬಯಾಟಿಕ್ ತಗೊಂಡು ಬಾಯಿಹುಣ್ಣಾದ, ಹೊಟ್ಟೆ ಕೆಟ್ಟ ಅನುಭವಕ್ಕೆ ಜನ ಇಟ್ಟ ಹೆಸರದು. ವಿವರಣೆ ಯಾರೂ ಕೊಡದಿದ್ದಾಗ ತಾವೇ ಕಟ್ಟಿಕೊಂಡರು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ ಎಂದು ಹೇಳಿದ್ದರೆ, ಅದನ್ನೂ ಅಷ್ಟೇ ಸಲೀಸಾಗಿ ಒಳಗೊಳ್ಳುತ್ತಿದ್ದರು. ನನ್ನ ಜಗಳ ಆ ಮಾತನ್ನು ಬಂಡವಾಳ ಮಾಡಿಕೊಂಡವರ ಜೊತೆ. ಹೃದಯಕ್ಕೆ ಕೊಡುವ ಡಿಜಾಕ್ಸಿನ್ ಬಂದಿದ್ದು ಫಾಕ್ಸ್‌ಗ್ಲೋವ್ ಜಾತಿಯ ಗಿಡದಿಂದ, ಮಾರ್ಫಿನ್ ಗಸಗಸೆ ಗಿಡದ ಹಾಲಿನಿಂದ. ಎರಡೂ ಪೂರ್ತಿ ನೈಸರ್ಗಿಕ, ಅಳತೆ ತಪ್ಪಿದರೆ ಎರಡೂ ಜೀವ ತೆಗೆಯುತ್ತವೆ. ಕೆಲಸ ಮಾಡುವ ವಸ್ತು ಯಾವುದೇ ಇರಲಿ, ಬೇಕಾದ ಕಡೆ ಮಾತ್ರ ಕೆಲಸ ಮಾಡು ಎಂದು ಅದಕ್ಕೆ ಕಟ್ಟುಹಾಕುವುದು ಕಷ್ಟ. ಡೈಕ್ಲೋಫೆನಾಕ್ ನೋವು ತರುವ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತದೆ. ಜಠರದ ಒಳಪೊರೆಯನ್ನು ಕಾಯುವುದೂ ಅದೇ ಪ್ರೊಸ್ಟಾಗ್ಲಾಂಡಿನ್. "ಹೊಟ್ಟೆ ಉರಿಯುತ್ತೆ, ಮಾತ್ರೆ ಬೇಡ, ಸೂಜಿ ಚುಚ್ಚಿ" ಎಂದು ಕೇಳುವವರಿದ್ದಾರೆ. ಸೂಜಿಯಲ್ಲಿ ಹೋದದ್ದೂ ರಕ್ತದ ದಾರಿಯಲ್ಲಿ ಜಠರ ತಲುಪುತ್ತದೆ. ಅಡ್ಡಪರಿಣಾಮವೇ ಇಲ್ಲ ಎನ್ನುವವರು ಒಂದೋ ಪರಿಣಾಮವೇ ಇಲ್ಲದ್ದನ್ನು ಮಾರುತ್ತಿದ್ದಾರೆ, ಇಲ್ಲವೇ ಸುಳ್ಳು ಹೇಳುತ್ತಿದ್ದಾರೆ.

ಮೂರನೆಯದು ನಮ್ಮವರದೇ, ಅಂದರೆ ಇಂಥ ಪತ್ರಿಕೆ ಓದುವ ಬರೆಯುವವರದು. "ಇದೆಲ್ಲ ವಿಜ್ಞಾನ, ಸಾಹಿತ್ಯಕ್ಕೇನು ಸಂಬಂಧ?" ಶಿವರಾಮ ಕಾರಂತರು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದ ಭಾಷೆಯಿದು. ಅನುಪಮಾ ನಿರಂಜನ ಕಾದಂಬರಿ ಬರೆದ ಅದೇ ಕೈಯಿಂದ 'ತಾಯಿ-ಮಗು' ಬರೆದರು. ಆ ಸಾಲನ್ನು ಮುಂದುವರಿಸಿದವರು ಇಲ್ಲವೆಂದಲ್ಲ, ಇದ್ದಾರೆ. ಆದರೆ ಅವರನ್ನು ನಾವು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸುವುದಿಲ್ಲ, ಜಗಲಿಯಲ್ಲೇ ಕೂರಿಸಿ ಕಳಿಸುತ್ತೇವೆ. ನಮ್ಮ ವಿಮರ್ಶೆಯ ತರಗತಿಗಳಲ್ಲಿ ಡೆರಿಡಾ ಓದುತ್ತೇವೆ, ಗ್ರೀಕಿನ 'ಫಾರ್ಮಕಾನ್' ಎಂಬ ಪದಕ್ಕೆ ಔಷಧ ಎಂದೂ ವಿಷ ಎಂದೂ ಅರ್ಥವಿದೆಯಂತೆ ಎಂದು ಬೆರಗಾಗುತ್ತೇವೆ. ನಮ್ಮ 'ಮದ್ದು' ಎಂಬ ಪದವನ್ನು ಯಾರಾದರೂ ಕಿವಿಗೊಟ್ಟು ಕೇಳಿದ್ದಾರೆಯೇ? ಕಾಯಿಲೆಗೆ ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು, ಆಗದವರು ಊಟದಲ್ಲಿ ಹಾಕಿದರು ಎಂದು ಹಳ್ಳಿಯಲ್ಲಿ ಪಿಸುಗುಡುವುದೂ ಮದ್ದೇ. ಅಳತೆಯೇ ಎಲ್ಲವೂ ಎನ್ನುವ ಔಷಧಶಾಸ್ತ್ರದ ಮೊದಲ ಪಾಠ ಈ ಎರಡಕ್ಷರದಲ್ಲಿದೆ.

ಕನ್ನಡದಲ್ಲಿ ಪದಗಳಿಲ್ಲ ಎನ್ನುವುದು ಸೋಮಾರಿಗಳ ನೆಪ. ಪಠ್ಯಪುಸ್ತಕದವರು ಲಿವರಿಗೆ 'ಪಿತ್ತಜನಕಾಂಗ' ಎಂದು ಬರೆದು, ಮಕ್ಕಳು ಅದನ್ನು ಪರೀಕ್ಷೆ ಮುಗಿದ ದಿನವೇ ಮರೆಯುವಂತೆ ಮಾಡಿದರು. ಇನ್ನೊಂದು ಕಡೆ ಪದವೇ ಇಲ್ಲವೆಂದು ಕೈಚೆಲ್ಲಿದವರು. ಜನರ ಬಾಯಲ್ಲಿ ಬೇಕಾದ್ದೆಲ್ಲ ಇದೆ. ಉಂಡದ್ದು 'ಮೈಗೆ ಹತ್ತುತ್ತದೆ', ಅಥವಾ ಹತ್ತುವುದಿಲ್ಲ. ಔಷಧ 'ಹಿಡಿಯುತ್ತದೆ', ಆಮೇಲೆ ಅದರ 'ಪವರು ಇಳಿಯುತ್ತದೆ'. ನಾವು ಜರ್ನಲುಗಳಲ್ಲಿ ಗ್ರಾಫು ಬರೆದು ತೋರಿಸುವ ಏರಿಳಿತವನ್ನೇ ಈ ಮೂರು ಮಾತು ಹೇಳುತ್ತವೆ. ನನಗೆ ಅಮ್ಮನ ಜೊತೆ ಮಾತಾಡಲು ಪದ ಸಾಲದೆ ಹೋಗಿರಲಿಲ್ಲ. ಅವಳಿಗೆ ಇದೆಲ್ಲ ಯಾಕೆ ಎಂಬ ಅಹಂಕಾರ ಇತ್ತು, ಅದನ್ನು ನಾನು ಪದದ ಕೊರತೆ ಎಂದು ಕರೆದುಕೊಂಡಿದ್ದೆ.

ತಿಳಿವಳಿಕೆ ಒಂದು ಮೈಯ ಆಚೆಗೂ ಬೇಕು ಎನ್ನಲು ಒಂದು ನಿದರ್ಶನ ಸಾಕು. ಮೇಲೆ ಹೇಳಿದ ಡೈಕ್ಲೋಫೆನಾಕನ್ನೇ ದನಗಳ ನೋವಿಗೂ ಕೊಡುತ್ತಿದ್ದರು. ಔಷಧ ತೆಗೆದುಕೊಂಡ ಸ್ವಲ್ಪ ದಿನದಲ್ಲೇ ಸತ್ತ ದನದ ಮಾಂಸದಲ್ಲಿ ಅದು ಉಳಿದಿರುತ್ತಿತ್ತು. ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, ದೇಶದಲ್ಲಿ ಲಕ್ಷಗಟ್ಟಲೆ ಹದ್ದುಗಳು ಸತ್ತವು. ಕಾರಣ ಡೈಕ್ಲೋಫೆನಾಕ್ ಎಂದು ಗೊತ್ತಾಗಿದ್ದು 2004ರಲ್ಲಿ, ಪಶುಗಳಿಗೆ ಅದನ್ನು ನಿಷೇಧಿಸಿದ್ದು 2006ರಲ್ಲಿ. ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಗಳನ್ನು ದನಗಳಿಗೆ ಚುಚ್ಚುವುದು ನಿಲ್ಲಲಿಲ್ಲ. 2015ರಲ್ಲಿ 3 ಮಿಲಿಲೀಟರಿಗಿಂತ ದೊಡ್ಡ ಬಾಟಲಿ ಮಾಡಬಾರದು ಎನ್ನಬೇಕಾಯಿತು. ಬದಲಿಗೆ ಬಂದ ಅಸಿಕ್ಲೋಫೆನಾಕ್ ದನದ ಮೈಯೊಳಗೆ ಡೈಕ್ಲೋಫೆನಾಕೇ ಆಗಿ ಬದಲಾಗುತ್ತದೆ. ಹೆಸರು ಬೇರೆ, ಒಳಗೆ ಹೋದ ಮೇಲೆ ಅದೇ. ಅದನ್ನು ಪಶುಗಳಿಗೆ ನಿಷೇಧಿಸಿದ್ದು 2023ರಲ್ಲಿ. ರಾಮನಗರದ ರಾಮದೇವರ ಬೆಟ್ಟದಲ್ಲಿ ಅಳಿದುಳಿದ ಹದ್ದುಗಳಿಗಾಗಿ 2012ರಲ್ಲಿ ಧಾಮ ಮಾಡಿದ್ದೇವೆ. ಚುಚ್ಚಿಸಿದ ರೈತನಿಗೆ ಈ ಔಷಧ ದನದ ಮೈಯಲ್ಲಿ ಎಷ್ಟು ದಿನ ಇರುತ್ತದೆ ಎಂದು ಅವನ ಮಾತಿನಲ್ಲಿ ಹೇಳುವ ವ್ಯವಸ್ಥೆಯನ್ನು ಮಾತ್ರ ಮಾಡಲಿಲ್ಲ.

ಹಾಗಾದರೆ ಕೇಳಬೇಕಾದ್ದೇನು? ದೊಡ್ಡದೇನಲ್ಲ. ಚೀಟಿಯಲ್ಲಿ ಹೆಸರು ಇಂಗ್ಲಿಷಿನಲ್ಲೇ ಇರಲಿ, ಪ್ರತಿ ಹೆಸರಿನ ಕೆಳಗೆ ಕನ್ನಡದ ಒಂದು ಸಾಲು ಇರಲಿ: ಯಾತಕ್ಕೆ, ಯಾವುದರ ಜೊತೆ ಬೇಡ, ಏನಾದರೆ ಹೆದರಬೇಕಿಲ್ಲ, ಏನಾದರೆ ತಕ್ಷಣ ಬರಬೇಕು. ಅದನ್ನು ವೈದ್ಯರೇ ಕೂತು ಬರೆಯಬೇಕೆಂದಿಲ್ಲ. ಹೆಚ್ಚು ಬಳಸುವ ನೂರು ಔಷಧಗಳಿಗೆ ಇಂಥ ಸಾಲುಗಳನ್ನು ಒಮ್ಮೆ ಬರೆದು ಅಚ್ಚು ಹಾಕಿಸಿದರೆ, ಔಷಧ ಕೊಡುವ ಕಿಟಕಿಯಲ್ಲಿ ಮಾತ್ರೆಯ ಜೊತೆ ಕೊಡಬಹುದು. ಬಸುರಿಯರಿಗೆ ಕಬ್ಬಿಣಾಂಶದ ಕೆಂಪು ಮಾತ್ರೆ ಹಂಚುವ ಆಶಾ ಕಾರ್ಯಕರ್ತೆಯ ಕೈಗೆ, "ಟೀ ಕಾಫಿ ಜೊತೆ ಬೇಡ, ಮೈಗೆ ಹತ್ತಲ್ಲ, ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೇದು, ಮಲ ಕಪ್ಪಾದರೆ ಗಾಬರಿ ಬೇಡ" ಎಂಬ ಚೀಟಿ ಕೊಟ್ಟರೆ ಖರ್ಚೆಷ್ಟು? ಆ ಸಾಲುಗಳನ್ನು ಬರೆಯುವ ಕೆಲಸ ನನ್ನಂಥವರದು, ತಿದ್ದುವ ಕೆಲಸ ಭಾಷೆ ಬಲ್ಲ ನಿಮ್ಮಂಥವರದು. ಫಾರ್ಮಸಿ ಕಾಲೇಜುಗಳೂ ಕನ್ನಡ ವಿಭಾಗಗಳೂ ಒಂದೇ ಊರಿನಲ್ಲಿವೆ, ಒಂದೇ ಬಸ್ಸಿನಲ್ಲಿ ಓಡಾಡುತ್ತಿದ್ದೇವೆ. ಪರಸ್ಪರ ಮಾತಾಡಿಲ್ಲ.

ಕೊನೆಗೂ ಒಂದು ದಿನ ಅಮ್ಮನಿಗೆ ಹೇಳಿದೆ. ಮಾತ್ರೆ ನೀರಿನಲ್ಲಿ ನುಂಗು, ಒಂದು ಗಂಟೆ ಬಿಟ್ಟು ಕಾಫಿ ಕುಡಿ ಎಂದೆ. ಡಾಕ್ಟರ ಬಳಿ ಹೋಗಿ ವಿಷಯವನ್ನೂ ತಿಳಿಸಿದೆವು. ಇನ್ನು ಪೂರ್ತಿ ಮೈಗೆ ಹತ್ತಿದರೆ 100 ಹೆಚ್ಚಾಗಬಹುದಲ್ಲ. ಅವರು ಆರು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ ಎಂದರು. ಪರೀಕ್ಷೆಯಾದ ಮೇಲೆ ಮಾತ್ರೆಯನ್ನು 75ಕ್ಕೆ ಇಳಿಸಿದರು.

ಪರೀಕ್ಷೆಗೆ ದಿನ ಗೊತ್ತುಮಾಡಿಕೊಂಡು ಬರುವಾಗ ಆಟೋದಲ್ಲಿ ಅಮ್ಮ ಕೇಳಿದಳು: "ಆರು ವಾರ ಯಾಕಂತೆ? ನಾಳೇನೇ ಯಾಕೆ ನೋಡಬಾರದು?"

ಈ ಔಷಧದ ಅರ್ಧಾಯು ಸುಮಾರು ಏಳು ದಿನ, ರಕ್ತದಲ್ಲಿ ಅದು ಹೊಸ ಮಟ್ಟಕ್ಕೆ ಬಂದು ನಿಲ್ಲಲು ಐದಾರು ವಾರ ಬೇಕು ಎಂದು ವಿವರಿಸಿದೆ. ತೊಟ್ಟಿಗೆ ನೀರು ಬರುತ್ತಲೂ ಇರುತ್ತದೆ, ಸೋರುತ್ತಲೂ ಇರುತ್ತದೆ, ನಲ್ಲಿ ತಿರುಗಿಸಿದ ತಕ್ಷಣ ಮಟ್ಟ ಬದಲಾಗುವುದಿಲ್ಲ ಎಂದೆ. ಮನೆ ಬರುವಷ್ಟರಲ್ಲಿ ಅವಳಿಗೆ ಅರ್ಥವಾಗಿತ್ತು. ಇಳಿಯುತ್ತಾ ಇನ್ನೊಂದು ಕೇಳಿದಳು: "ಹಂಗಾದ್ರೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

ಅದಕ್ಕೆ ಮಾತ್ರ ನನ್ನಲ್ಲಿ ಉತ್ತರ ಇರಲಿಲ್ಲ.